ಬೈಕು ಕೊಳ್ಳದ ಭಾನುವಾರಗಳು

ಮದುವೆ ಮುರಿದು ನೋಡು, ಬೈಕು ಕೊಳ್ಳದೆ ನೋಡು.

ಗಾದೆ ಹೀಗಿಲ್ಲವೆಂದು ನನಗೂ ಗೊತ್ತು, ಓದುಗರೇ. ಏನು ಮಾಡಲಿ, ಈ ಕತೆಯಲ್ಲಿ ಮನೆ ಕಟ್ಟುವವರು ಯಾರೂ ಇಲ್ಲ, ಮದುವೆ ಆಗಲೇ ಮುಗಿದುಹೋಗಿದೆ. ಉಳಿದಿರುವುದು ಒಂದು ಬೈಕು, ಅದನ್ನೂ ಇನ್ನೂ ಕೊಂಡಿಲ್ಲ. ಆದರೆ ಇದು ನಿಜವಾಗಿ ನಡೆದದ್ದು. ಸುಳ್ಳೆನಿಸಿದ ಕಡೆ ನಾನು ಸೇರಿಸಿದ್ದೇನೆ ಎಂದುಕೊಳ್ಳಿ. ತೀರಾ ಸುಳ್ಳೆನಿಸಿದರೆ ಸೇರಿಸಿಲ್ಲ ಎಂದುಕೊಳ್ಳಿ.

ಹೇಗೆ ಶುರು ಮಾಡಲಿ?

೧. "ಧೂಳೆಬ್ಬಿಸುತ್ತ ಆ ಬೈಕು ಬೆಟ್ಟದ ತಿರುವಿನಲ್ಲಿ ಕಾಣಿಸಿತು..." (ಹೊಡೆದುಹಾಕಿದೆ. ಬೈಕು ಇರುವುದು ಶೋರೂಮಿನ ಗಾಜಿನ ಹಿಂದೆ. ಅಲ್ಲಿ ಧೂಳೆದ್ದರೆ ಒರೆಸಲು ಆಳಿದ್ದಾನೆ.)

೨. "ಅವನು ಒಂಟಿಯಾಗಿದ್ದ."

ಇಷ್ಟು ಬರೆಯುವಷ್ಟರಲ್ಲಿ ಕಥಾನಾಯಕನೇ ಎದ್ದು ಬಂದ.

"ಯಾರ್ರೀ ಒಂಟಿ? ನಮ್ಮನೇಲಿ ಎರಡು ಹೆಲ್ಮೆಟ್ ಇದೆ."

"ಎರಡನೇದು ಯಾರು ಹಾಕ್ಕೋತಾರೆ?"

"ಯಾರೂ ಇಲ್ಲ. ಮೊದಲನೇದಕ್ಕೆ ಜೊತೆಗಿರ್ಲಿ ಅಂತ ಇಟ್ಟಿದೀನಿ. ನೀವು ಕತೆ ಮುಂದುವರ್ಸಿ."

೩. ಮುಂದುವರಿಸುತ್ತೇನೆ. ಅವನು ಲಿಫ್ಟ್ ರಿಪೇರಿ ಮಾಡುವವನು. ನಿಂತ ಲಿಫ್ಟಿನ ತಲೆಯ ಮೇಲೆ ಕೂತು, ಹಣೆಗೆ ದೀಪ ಕಟ್ಟಿಕೊಂಡು, ಉಕ್ಕಿನ ಹಗ್ಗದ ಎಳೆ ಬಿಟ್ಟಿದೆಯೇ ಎಂದು ಬಟ್ಟೆ ಸವರಿ ನೋಡುವ ಕೆಲಸ. ಪಕ್ಕದ ಲಿಫ್ಟಿನಲ್ಲಿ ಜನ ನಗುತ್ತ ಮೇಲೆ ಹೋಗುತ್ತಾರೆ, ನಗುತ್ತ ಕೆಳಗೆ ಬರುತ್ತಾರೆ. ಅವನಿಗೆ ನಗು ಕೇಳಿಸುತ್ತದೆ, ಜೋಕು ಕೇಳಿಸುವುದಿಲ್ಲ.

ಅವನನ್ನು "ಭಾವ" ಎಂದು ಕರೆಯುವವನು ಲೋಕದಲ್ಲಿ ಒಬ್ಬನೇ: ಕನ್ನಡಕದಂಗಡಿಯವನು, ಬಿಟ್ಟುಹೋದ ಹೆಂಡತಿಯ ತಮ್ಮ. ಅಕ್ಕ ಡೈವೋರ್ಸ್ ತೆಗೆದುಕೊಂಡು ಬೇರೆ ಊರಿನಲ್ಲಿ ನೆಮ್ಮದಿಯಾಗಿದ್ದಾಳೆ. ನಂಟು ಕಡಿದಿದೆ. ಆದರೆ ಕಡಿಯುವ ಮುಂಚೆ ಭಾವ, ಭಾಮೈದ ಇಬ್ಬರೂ ಸೇರಿ ಒಂದು ಬೈಕಿನ ಮಾತು ಶುರುಮಾಡಿದ್ದರು. ಅದು ಮುಗಿದಿರಲಿಲ್ಲ.

(ಮಧ್ಯಮ ಗಾತ್ರದ ಅಡ್ವೆಂಚರ್ ಬೈಕು. ಕಾಡಿಗೂ ಸೈ, ಆಫೀಸಿಗೂ ಸೈ ಎಂದು ನಂಬಿಸಿ ಕೊಂಡವರನ್ನು ಆಫೀಸಿಗಷ್ಟೇ ಕರೆದೊಯ್ಯುವ ವಾಹನ.)

ಹೀಗಾಗಿ ಪ್ರತಿ ಭಾನುವಾರ, ಅಂಗಡಿಗೆ ರಜೆ ಇರುವಾಗ, ಬರೀ ಫ್ರೇಮುಗಳು ಕಣ್ಣಿಲ್ಲದೆ ನೋಡುತ್ತಿರುವ ಆ ಕೋಣೆಯಲ್ಲಿ ಇಬ್ಬರೂ ಕೂರುತ್ತಾರೆ.

"ಟ್ಯೂಬ್ ಇರೋ ಚಕ್ರ ತಗೊಂಡು, ಕಾಡಲ್ಲಿ ಪಂಕ್ಚರ್ ಆದ್ರೆ?"

"ನೀವು ಯಾವತ್ತು ಕಾಡಿಗೆ ಹೋಗಿದೀರಿ ಭಾವ?"

"ಹೋಗಿಲ್ಲ. ಹೋದ್ರೆ ಅಂತ."

"ಹೋಗದೇ ಇರೋ ಕಾಡಲ್ಲಿ ಆಗದೇ ಇರೋ ಪಂಕ್ಚರಿಗೆ ಈಗ್ಲೇ ಗಾಳಿ ಹೊಡೀತೀರಲ್ಲ!"

"ಸೀಟೂ ಎತ್ತರ ಕಣೋ. ಕೂತ್ರೆ ಹೆಬ್ಬೆರಳಷ್ಟೇ ನೆಲ ಮುಟ್ಟತ್ತೆ."

"ಬಿಡಿ, ಬೆಳೀತೀರ."

೪. ಭಾಮೈದ ತಿಳಿದಿರುವುದು, ಭಾವನಿಗೆ ಧೈರ್ಯ ಸಾಲದು ಎಂದು. ಭಾವನಿಗೆ ತಿಳಿದಿರುವುದೇ ಬೇರೆ: ಕೊಂಡ ಬೈಕಿನ ಬಗ್ಗೆ ಯಾರೂ ಭಾನುವಾರವಿಡೀ ಹರಟುವುದಿಲ್ಲ. ಅದಕ್ಕೇ ಬಣ್ಣ ಒಪ್ಪಿಗೆಯಾದ ವಾರ ಚಕ್ರ ಒಪ್ಪಿಗೆಯಾಗಲಿಲ್ಲ. ಚಕ್ರ ಒಪ್ಪಿದ ಕೂಡಲೇ ಸೀಟು ಎತ್ತರವಾಯಿತು. ಸೀಟು ತಗ್ಗಿಸಬಹುದು ಎಂದು ಗೊತ್ತಾದ ದಿನ ಅವನಿಗೆ ನಿದ್ದೆ ಬರಲಿಲ್ಲ.

("ಇದನ್ನೆಲ್ಲ ಬರೀಬೇಡ್ರೀ," ಎಂದ ಭಾವ. ಬರೆದಾಯಿತು.)

೫. ಈಗ ಕುಚೇಷ್ಟೆ. ಭಾಮೈದ ಹುಟ್ಟಾ ಮಿಮಿಕ್ರಿಯವನು. ಗಿರಾಕಿಗಳ ಕೆಮ್ಮಿನಿಂದ ಹಿಡಿದು ಕುಕ್ಕರಿನ ಸೀಟಿಯವರೆಗೆ ಎಲ್ಲವನ್ನೂ ಗಂಟಲಲ್ಲಿ ಇಟ್ಟುಕೊಂಡವನು. ಶೋರೂಮಿನ ಮ್ಯಾನೇಜರ್ ಮೂಗಿನಲ್ಲಿ ಮಾತಾಡುತ್ತಾನೆ, ಅದಂತೂ ಇವನಿಗೆ ಬಾಯಿಪಾಠ. ಶೋರೂಮಿಗೆ ವಾರದ ರಜೆಯಿದ್ದ ದಿನ ನೋಡಿ, ಅದರ ಪಕ್ಕದ ಮೆಡಿಕಲ್ ಶಾಪಿನ ಫೋನಿನಿಂದ ಭಾವನಿಗೆ ಫೋನಾಯಿಸಿದ.

"ಸಾರ್, ಬೇಸಿಕಲಿ, ಕಂಪನಿಯವ್ರು ನಿಮ್ಮ ಮಾಡೆಲ್ ನಿಲ್ಲಿಸ್ಬಿಟ್ರು. ಇದೇ ಲಾಸ್ಟ್ ಪೀಸು. ಬೇಸಿಕಲಿ, ಇನ್ನೊಬ್ರು ಚೆಕ್ ಹಿಡ್ಕೊಂಡು ಕೂತಿದಾರೆ. ಓಡಿ ಬನ್ನಿ."

ಆಮೇಲೆ ಶೋರೂಮಿನೆದುರು ನಿಂತಿದ್ದ ಒಂದು ವ್ಯಾನಿನ ಹಿಂದೆ ಅಡಗಿದ. ಭಾವ ಬಂದ, ಬೆರಳಿಗೆ ಗ್ರೀಸ್ ಮೆತ್ತಿಕೊಂಡೇ. ಶಟರ್ ಎಳೆದಿತ್ತು. ಅದರ ಮುಂದೆ ಕೈಕಟ್ಟಿ ನಿಂತ, ಸತ್ತವರ ಮನೆಗೆ ತಡವಾಗಿ ಬಂದವನ ಹಾಗೆ. ಭಾಮೈದ ನಗು ತಡೆಯಲು ಅಂಗೈ ಕಚ್ಚಿಕೊಂಡ. ಅಷ್ಟರಲ್ಲಿ ಅವನ ಜೇಬಿನ ಫೋನು ನಡುಗಿತು. ತೆಗೆದು ಕಿವಿಗಿಟ್ಟ.

"ಬೈಕು ಹೋಯ್ತು ಕಣೋ!" ಮಗು ಹುಟ್ಟಿದ ಸುದ್ದಿ ಹೇಳುವ ದನಿ. "ನಿಲ್ಲಿಸ್ಬಿಟ್ರಂತೆ! ನಾನು ಬರೋಷ್ಟ್ರಲ್ಲಿ ಬಾಗ್ಲೂ ಹಾಕಿದಾರೆ. ನಾವಿಷ್ಟು ದಿನ ತೂಗಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳ್ದ ಹಾಗಾಯ್ತು. ಇನ್ನು ಬೇರೆ ಕಂಪನೀದು ನೋಡ್ಬೇಕು. ಮೊದಲಿಂದ! ಬಣ್ಣದಿಂದ! ಈ ಭಾನುವಾರ ಬೇಗ ಬರ್ಲೇನೋ?"

ಭಾಮೈದ ಅಂಗೈಯನ್ನು ಬಾಯಿಂದ ತೆಗೆದ. ನಗು ಎಲ್ಲಿಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ.

೬. ಕೊನೆಗಳು. ಬೇಕಾದ್ದು ಆರಿಸಿಕೊಳ್ಳಿ.

ಅ. ಭಾಮೈದ ಬಾಯಿ ಬಿಡುವುದೇ ಇಲ್ಲ. (ನಾಳೆ ಶೋರೂಮ್ ತೆರೆಯುತ್ತದೆ, ಬೈಕು ಅಲ್ಲೇ ನಿಂತಿರುತ್ತದೆ. ಈ ಕೊನೆಗೆ ಒಂದು ದಿನದ ಆಯಸ್ಸು.)

ಆ. ಭಾಮೈದ ಒಪ್ಪಿಕೊಳ್ಳುತ್ತಾನೆ. ಭಾವ ಸಿಟ್ಟಾಗಿ ಹೊರಟೇಹೋಗುತ್ತಾನೆ. ಇದಕ್ಕೆ ಭಾವನೇ ತಕರಾರು ತೆಗೆದ: "ಸಿಟ್ಟು ಮಾಡ್ಕೋತೀನಿ ಬೇಕಾದ್ರೆ. ಹೊರಟುಹೋಗು ಅಂದ್ರೆ ಎಲ್ಲಿಗ್ರೀ ಹೋಗ್ಲಿ?" ಹೊಡೆದುಹಾಕಿದೆ.

ಇ. ಭಾಮೈದ ಫೋನನ್ನು ಹಾಗೇ ಜೇಬಿಗಿಳಿಸಿ, ರಸ್ತೆ ದಾಟಿ ಬಂದು, ಭಾವನ ಬೆನ್ನ ಹಿಂದೆ ನಿಂತು, ಮೂಗಿನಲ್ಲಿ ಹೇಳಿದ: "ಸಾರ್, ಬೇಸಿಕಲಿ, ಮಾಡೆಲ್ ನಿಲ್ಲಿಸಿಲ್ಲ."

ಭಾವ ತಿರುಗಿದ. ಫೋನು ಇನ್ನೂ ಕಿವಿಯಲ್ಲೇ ಇತ್ತು. ಅವನ ಮುಖ, ಕರೆಂಟು ಹೋದ ಲಿಫ್ಟಿನ ಹಾಗೆ, ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು.

"ಹಾಗಾದ್ರೆ... ಇದನ್ನ ಕೊಳ್ಳಲೇಬೇಕೇನೋ?"

ಭಾಮೈದ ಸ್ವಂತ ದನಿಗಾಗಿ ಸ್ವಲ್ಪ ಹುಡುಕಾಡಿದ. "ಹೆಂಗಾಗತ್ತೆ ಭಾವ? ಈಗ್ತಾನೆ ಬೇರೆ ಕಂಪನೀದೂ ನೋಡ್ಬೇಕು ಅಂದ್ರಿ. ಎರಡನ್ನೂ ತೂಗ್ಬೇಕು. ಅದರ ಚಕ್ರ ಇದರ ಪಕ್ಕ, ಇದರ ಸೀಟು ಅದರ ಪಕ್ಕ. ಒಂದೆರಡು ಭಾನುವಾರದಲ್ಲಿ ಮುಗಿಯೋ ಕೆಲ್ಸಾನಾ?"

ಭಾವ ನಗಲು ಶುರುಮಾಡಿದ. ಭಾಮೈದನೂ ನಕ್ಕ, ಆದರೆ ಭಾವನ ನಗೆಯೇ ಜೋರು. ಯಾರೂ ಫೋನ್ ಕಟ್ ಮಾಡಿರಲಿಲ್ಲ, ಹಾಗಾಗಿ ಅದೇ ನಗು ಭಾಮೈದನ ಜೇಬಿನಿಂದಲೂ ಬರುತ್ತಿತ್ತು. ಮೆಡಿಕಲ್ ಶಾಪಿನವನು ಹೊರಗೆ ಬಂದು ನೋಡಿದ.

ಭಾಮೈದ ಹಾಗೆಂದದ್ದು ಕನಿಕರಕ್ಕೋ, ತನಗೂ ಭಾನುವಾರ ಕಳೆಯದೆಂಬುದಕ್ಕೋ? ನನಗೆ ಗೊತ್ತಿಲ್ಲ. ಭಾವನನ್ನು ಕೇಳೋಣವೆಂದರೆ ಅವನು ನಗು ನಿಲ್ಲಿಸುತ್ತಿಲ್ಲ. ನಿಲ್ಲಿಸಿದ ಮೇಲೆ ಬರೆಯೋಣವೆಂದು ಪೆನ್ನು ಹಿಡಿದು ಕಾದೆ. ಆಮೇಲೆ, ನಿಲ್ಲಿಸದಿದ್ದರೇ ಚೆನ್ನ ಎನಿಸಿ, ಕೆಳಗಿಟ್ಟೆ.