ಹದಿನೇಳನೇ ಸಾಧನದ ರಿಪೇರಿ

ನೀರಿನ ಕೇಂದ್ರದ ಮೇಲೆ ಯಾರೋ ಕಣ್ಣಿಗೆ ಕಾಣದವರು ಕಂಪ್ಯೂಟರಿನ ಮೂಲಕ ದಾಳಿ ಮಾಡುತ್ತಾರೆಂಬ ಗುಮಾನಿ ಹುಟ್ಟಿದ್ದೇ ತಡ, ಮೇಲಿನವರು ನೂರಾಹನ್ನೆರಡು ಪುಟದ ಭದ್ರತಾ ನೀತಿಯೊಂದನ್ನು ಹೊಸೆದು ಕಳಿಸಿದರು. ನೀರು ಬಿಡುವ ಪ್ರತಿ ಸಾಧನವನ್ನೂ ಪಟ್ಟಿ ಮಾಡಬೇಕು, ಅದರ ಹೊರಸಂಪರ್ಕ ಕಡಿಯಬೇಕು, ಆವರಣದಿಂದಾಚೆ ಬಿಡಬಾರದು. ಪಟ್ಟಿ ಬರೆದ ಗುಮಾಸ್ತ ಮಹಾ ಪ್ರಾಮಾಣಿಕ, ಅದೇ ಗ್ರಹಚಾರ. ದೊಡ್ಡ ವಾಲ್ವು ತೆರೆಯುವುದು ಕಂಪ್ಯೂಟರಿನಿಂದಲ್ಲ, ವಾಲ್ವಿನವನ ಎರಡು ತೋಳುಗಳಿಂದ. ಹದಿನೇಳನೇ ಸಾಧನವೆಂದು ಗುಮಾಸ್ತ ಅವನನ್ನೇ ಬರೆದು ಕೈತೊಳೆದುಕೊಂಡ.

ಮಾರನೇ ದಿನ ಭದ್ರತಾ ಅಧಿಕಾರಿ ಬಂದು ವಾಲ್ವಿನವನ ಬೆನ್ನಿಗೆ ನಂಬರು ಅಂಟಿಸಿದರು. ಫೋನು ಕಿತ್ತುಕೊಂಡರು. ಮನೆಗೆ ಹೋಗುವುದು ನಿಂತಿತು. ವಾರಕ್ಕೊಮ್ಮೆ ಸಾಧನವನ್ನು ಆರಿಸಿ ಮತ್ತೆ ಚಾಲೂ ಮಾಡಬೇಕೆಂದು ನೀತಿಯಲ್ಲಿತ್ತು. ಸೋಮವಾರ ಹನ್ನೊಂದಕ್ಕೆ ಅವನನ್ನು ಬೆಂಚಿನ ಮೇಲೆ ಮಲಗಿಸಿ, ಹತ್ತು ನಿಮಿಷಕ್ಕೆ ಎಬ್ಬಿಸಿ, ಎದ್ದನೆಂದು ಇಬ್ಬರು ಸಹಿ ಹಾಕಿದರು. ಮೊದಲ ವಾರ ಅವನಿಗೂ ನಗು ಬಂತು.

ಎರಡನೇ ವಾರ ಅವನ ತಂಗಿ ಗೇಟಿನ ಬಳಿ ಒಂದು ಕಾಗದ ಕೊಟ್ಟು ಹೋದಳು. ಹೊರಗಿನ ಮಾಹಿತಿಯಲ್ಲವೇ, ತಪಾಸಣೆಗೆ ನಾಲ್ಕು ದಿನ ಹಿಡಿಯಿತು. ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಡಾಕ್ಟರು ಕೈಚೆಲ್ಲಿದ್ದಾರೆ, ಬೇಗ ಬಾ. ಕೆಳಗೆ ‘ಅಪಾಯವಿಲ್ಲ’ ಎಂಬ ಮೊಹರು. ಅದನ್ನೋದಿದ್ದೇ ವಾಲ್ವಿನವನು ಅಧಿಕಾರಿಯ ಬಳಿಗೆ ಓಡಿದ.

ರಜೆ ಕೊಡಿ ಎಂದು ಅಂಗಲಾಚಿದ. ಅವರು ಕೆಟ್ಟವರಲ್ಲ, ಕಣ್ಣಲ್ಲಿ ನೀರೂ ತಂದುಕೊಂಡರು. ಆದರೆ ಸಾಧನಕ್ಕೆ ರಜೆ ಕೊಡುವ ಕಲಮೇ ಇಲ್ಲವಂತೆ. ಕಾಗದದಲ್ಲಿ ಇಲ್ಲದ್ದನ್ನು ಮಾಡುವ ಎದೆಗಾರಿಕೆ ಇಂಥವರಿಗೆ ಯಾವ ಕಾಲಕ್ಕೂ ಬರುವುದಿಲ್ಲ. ಕೊನೆಗೆ ವಾಲ್ವಿನವನೇ ಆ ದಪ್ಪ ಪುಸ್ತಕವನ್ನು ಹಿಡಿದು ಕೂತ. ತೊಂಬತ್ತನೇ ಪುಟದಲ್ಲಿತ್ತು: ಕೆಟ್ಟ ಸಾಧನವನ್ನು ಒಡನೆ ತಯಾರಕರ ಬಳಿಗೆ ಕಳಿಸತಕ್ಕದ್ದು.

ಅವತ್ತೇ ಅವನು ಕೆಟ್ಟು ಕೂತ. ಕರೆದರೆ ಓ ಅನ್ನಲಿಲ್ಲ, ಕೈ ಎತ್ತಲಿಲ್ಲ. ಅಧಿಕಾರಿ ಅವನನ್ನೂ ತೆರೆದಿದ್ದ ಪುಟವನ್ನೂ ನೋಡಿದರು.

“ನಿನ್ನನ್ನ ತಯಾರು ಮಾಡಿದವರು ಯಾರಪ್ಪ?”

ಅದೊಂದಕ್ಕೆ ಮಾತ್ರ ಅವನು ಬಾಯಿ ಬಿಟ್ಟ. “ನಮ್ಮಮ್ಮ.”

ಅಧಿಕಾರಿಗೂ ಎದೆಯ ಭಾರ ಇಳಿದಂತಾಯಿತು. ಬದಲಿ ಸಾಧನವೆಂದು ಗುಮಾಸ್ತನನ್ನೇ ವಾಲ್ವಿಗೆ ಹಚ್ಚಿ, ಇವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟರು.

ಅಮ್ಮ ಒಣಗಿ ಕಡ್ಡಿಯಾಗಿದ್ದಳು. ಮಗನ ಕೈ ಸಿಕ್ಕಿದ್ದೇ ಹಿಡಿದವಳು ಬಿಡಲಿಲ್ಲ. ಅಧಿಕಾರಿ ಸ್ಟೂಲೆಳೆದು ಕೂತು ರಿಪೇರಿ ಫಾರಂ ತುಂಬಿಸತೊಡಗಿದರು. ತಯಾರಾದ ವರ್ಷ ಕೇಳಿದರು, ಅಮ್ಮ ಹೇಳಿದಳು. ಹಿಂದೆ ಯಾವಾಗಲಾದರೂ ಕೆಟ್ಟಿತ್ತೇ ಎಂದಿದ್ದಕ್ಕೆ, ಐದನೇ ವಯಸ್ಸಿನಲ್ಲಿ ದಡಾರ ಬಂದಿತ್ತು, ಒಂಬತ್ತು ದಿನ ಮಡಿಲಲ್ಲಿಟ್ಟುಕೊಂಡೇ ಕೂತಿದ್ದೆ ಎಂದಳು. ತಂಗಿ ಮುಖ ಆಚೆ ತಿರುಗಿಸಿದಳು.

“ಇವನ ಗ್ಯಾರಂಟಿ ಎಲ್ಲೀವರೆಗೆ ಇದೆ, ಅಮ್ಮ?”

“ನಾನಿರೋವರೆಗೂ,” ಎಂದಳು ಅಮ್ಮ.

ಅಲ್ಲಿ ತಾರೀಖು ಬರೆಯಬೇಕಿತ್ತು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಆ ಜಾಗ ಖಾಲಿ ಬಿಟ್ಟು, ಸದ್ದಾಗದ ಹಾಗೆ ಬೂಟು ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದರು.