ಟಾಕಿಯಲ್ಲಿ ಉಳಿದ ನೀರು

ನಾನು ಸಂತಪುರದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಹಾಗಾಗಿ ಮನೆಗೆ ಯಾವ ಗೀಜರ್ ತರಬೇಕೆಂಬುದನ್ನು ನಾನೊಬ್ಬನೇ ತೀರ್ಮಾನಿಸಬಲ್ಲೆ ಎಂದು ನಂಬಿದ್ದೆ. ನಮ್ಮ ಚಿದ್ರಿಯ ಮನೆಯಲ್ಲಿ ಈ ನಂಬಿಕೆ ನನ್ನೊಬ್ಬನಿಗೇ ಇತ್ತು ಎಂಬುದು ಆಮೇಲೆ ತಿಳಿಯಿತು.

ಗೀಜರಿನ ಮಾತು ಹುಟ್ಟಿದ್ದು ಭಾಲ್ಕಿ ಕಡೆಯ ಹಲಬರ್ಗಾದಲ್ಲಿ, ಮಗಳು ಪ್ರಣಿತಾಳ ಅತ್ತೆಮನೆಯಲ್ಲಿ, ಅವಳ ಕುಬಸದ, ಅಂದರೆ ಸೀಮಂತದ ದಿನ. ಉಡಿ ತುಂಬಿ, ಊಟ ಮುಗಿದು ಎಲ್ಲರೂ ಚಹಾ ಕುಡಿಯುತ್ತ ಕೂತಿದ್ದೆವು. ನನ್ನ ಅವ್ವ ಅಂಜನಾಬಾಯಿಯ ಕೈಯಲ್ಲಿದ್ದ ಚಹಾದ ಕಪ್ ಬಸಿಗೆ ತಾಗಿ ಟಕಟಕ ಸದ್ದಾಯಿತು. ಬೀಗತಿ ಸುಭದ್ರಾಬಾಯಿ ಅದನ್ನು ನೋಡಿಬಿಟ್ಟರು. ಕೆಟ್ಟ ಮನಸ್ಸಿನವರಲ್ಲ, ಆದರೆ ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸವೂ ಅವರಿಗಿಲ್ಲ.

"ಬಾಣಂತನ ಇಲ್ಲೇ ಆಗ್ಲಿ ಬಿಡ್ರಿ ಬೀಗರ. ನಿಮ್ಮ ಮನ್ಯಾಗ ಹಂಡಿ ಅಂಗಳದಾಗ ಅದ, ಬಚ್ಚಲ ಒಳಗದ. ಕುದಿಯೋ ನೀರು ಹೊತ್ತು ತರೋರು ಯಾರು? ಆಯಿಯವರ ಕೈ ನಡಗ್ತಾವ," ಅಂದರು.

ನಾನು ಅವ್ವನ ಕಡೆ ನೋಡಿದೆ. ಅವಳು ಬಸಿಯನ್ನು ಮೆಲ್ಲಗೆ ಕೆಳಗಿಟ್ಟು ಎರಡೂ ಕೈ ಸೆರಗಿನೊಳಗೆ ಸೇರಿಸಿದಳು. ನಮ್ಮ ಓಣಿಯಲ್ಲಿ ನಲವತ್ತು ವರ್ಷದಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕರ್ಧ ಕೂಸುಗಳಿಗೆ ನೀರು ಎರೆದ ಕೈ ಅವು. ಹಿಂದೂ, ಮುಸಲ್ಮಾನ, ನಮ್ಮ ಬೌದ್ಧರು ಎನ್ನದೆ ಬಾಣಂತಿಯಿದ್ದ ಮನೆಗೆಲ್ಲ ಹೋಗಿ ಬಂದವಳು. ಈಗ ಸ್ವಂತ ಮೊಮ್ಮಗಳ ಚೊಚ್ಚಲ ಬಾಣಂತನವೇ ತಪ್ಪಿಹೋಗುವ ಹಾಗಿತ್ತು. ನಾನು ಹಿಂದೆಮುಂದೆ ನೋಡದೆ, "ಗೀಜರ್ ಹಚ್ಚಸ್ತೀವ್ರಿ. ಬಚ್ಚಲದಾಗೇ ಬಿಸಿನೀರು ಬರ್ತದ," ಅಂದುಬಿಟ್ಟೆ. ಒಂಬತ್ತು ತಿಂಗಳು ತುಂಬುವುದರೊಳಗೆ ಅದಾದರೆ ಕಳಿಸುತ್ತೇನೆ, ಇಲ್ಲದಿದ್ದರೆ ಸೊಸೆ ಇಲ್ಲೇ ಇರಲಿ ಎಂದು ಸುಭದ್ರಾಬಾಯಿ ಮಾತು ಮುಗಿಸಿದರು.

ಚೌಬಾರಾ ಗೋಪುರದ ಹತ್ತಿರ ರಿಜ್ವಾನನ ಅಂಗಡಿ ಇದೆ. ಅವನ ಮನೆ ನಮ್ಮ ಓಣಿಯಲ್ಲೇ. ಅವ್ವ, ಹೆಂಡತಿ ಇಬ್ಬರನ್ನೂ ಕರೆದುಕೊಂಡು ಅಲ್ಲಿಗೆ ಹೋದೆ. ಅವನು ಎರಡು ಬಗೆಯ ಗೀಜರ್ ತೋರಿಸಿದ. ಒಂದು ಇನ್‌ಸ್ಟಂಟ್: ಟಿಫಿನ್ ಡಬ್ಬಿಯಷ್ಟು ಸಣ್ಣದು, ನಳ ತಿರುವಿದರೆ ನೀರು ಹರಿಯುತ್ತಲೇ ಕಾಯುತ್ತದೆ. ಇನ್ನೊಂದು ಟಾಕಿಯದು: ಇಪ್ಪತ್ತೈದು ಲೀಟರು ನೀರನ್ನು ಮೊದಲೇ ಕಾಯಿಸಿ ಹಿಡಿದಿಟ್ಟುಕೊಳ್ಳುತ್ತದೆ. ಹೆಂಡತಿ ಮಹಾಮಾಯಾಗೆ ಯಾವುದಾದರೂ ಸರಿ, ಬಚ್ಚಲಿನ ಕಿಟಕಿ ಮುಚ್ಚದಿದ್ದರೆ ಸಾಕು. ನಾನು ಇನ್‌ಸ್ಟಂಟಿನ ಪರವಾಗಿ ಅಲ್ಲೇ ನಿಂತು ಒಂದು ಪಾಠ ಮಾಡಿದೆ. ಬೇಕಾದಾಗ ಬೇಕಾದಷ್ಟೇ ಕಾಯುತ್ತದೆ, ಟಾಕಿಯದರಲ್ಲಿ ಎಲ್ಲರ ಸ್ನಾನ ಮುಗಿದ ಮೇಲೂ ನೀರು ಉಳಿದು ಸುಮ್ಮನೆ ಆರುತ್ತದೆ, ಅದು ಶಕ್ತಿಯ ಅಪವ್ಯಯ ಎಂದೆಲ್ಲ ಹೇಳಿ ಕೊನೆಗೆ, ಉಳಿದ ನೀರು ಯಾರಿಗೆ ಬೇಕು ಎಂದು ಅವ್ವನನ್ನೇ ಕೇಳಿದೆ.

"ಉಳದ್ರ ಯಾರರೆ ಜಳಕಾ ಮಾಡ್ತಾರ," ಅಂದಳು ಅವ್ವ. ಅದನ್ನು ನಾನು ಉತ್ತರವೆಂದು ಪರಿಗಣಿಸಲಿಲ್ಲ.

ರಿಜ್ವಾನ ಇನ್‌ಸ್ಟಂಟನ್ನೇ ಕಟ್ಟಿಕೊಟ್ಟ. ಆದರೆ ನಾನು ಒಪ್ಪಿದರೆ ಸಾಲದು, ಆಯಿ ಒಪ್ಪಬೇಕು, ಒಪ್ಪದಿದ್ದರೆ ವಾಪಸ್ ತರಬಹುದು ಎಂದು ನನ್ನೆದುರೇ ಹೇಳಿದ. ಅವನ ಮೂರೂ ಮಕ್ಕಳಿಗೆ ಎರೆದವಳು ಅವ್ವನೇ.

ಮರುದಿನ ರವಿವಾರ. ರಿಜ್ವಾನ ಬಂದು ಗೀಜರ್ ಕೂಡಿಸಿ ಹೋದ ಮೇಲೆ ನಾನು ಶಾಲೆಯ ಥರ್ಮಾಮೀಟರ್ ಹಿಡಿದು ಪರೀಕ್ಷೆಗೆ ನಿಂತೆ. ಪ್ರಯೋಗ ಮಾಡುವಾಗ ಒಂದನ್ನು ಅಳೆಯಬೇಕಾದರೆ ಉಳಿದದ್ದೆಲ್ಲ ಅಲುಗದಂತೆ ನೋಡಿಕೊಳ್ಳಬೇಕು ಎಂದು ಮಕ್ಕಳಿಗೆ ಕಲಿಸುವವನು ನಾನು. ಮನೆಯ ಎಲ್ಲ ನಳ ಬಂದ್ ಮಾಡಿಸಿದೆ. ಅಡುಗೆಮನೆಗೆ ಯಾರೂ ಹೋಗಬಾರದೆಂದೆ. ಬಕೀಟು ನಿಧಾನಕ್ಕೆ ತುಂಬಿತು, ಆದರೆ ಬಿಸಿ ಮಾತ್ರ ಮೊದಲಿಂದ ಕೊನೆಯವರೆಗೆ ಒಂದೇ ಸಮ. ಪಾಸಾಯಿತು ಎಂದು ಘೋಷಿಸಿದೆ.

ಅವ್ವ ಬಂದು ಬಚ್ಚಲಿನ ಬಾಗಿಲಲ್ಲಿ ನಿಂತಳು. ತಾನೂ ನೋಡುತ್ತೇನೆ ಎಂದಳು. ಎರೆಯದೆ ಗೊತ್ತಾಗುವುದಿಲ್ಲವಂತೆ. ಕೂಸು ಎಲ್ಲಿಂದ ತರಲಿ ಎಂದು ನಾನು ನಕ್ಕೆ.

"ನೀನೇ ಕೂಡು," ಅಂದಳು.

ಐವತ್ತಾರು ವರ್ಷದ ನಾನು, ಸಂತಪುರದಲ್ಲಿ ಎದುರಾದರೆ ಮಕ್ಕಳು ದಾರಿ ಬಿಡುವ ಸುಶೀಲಕುಮಾರ ಸರ್, ಬರೀ ಚಡ್ಡಿಯಲ್ಲಿ ಮಣೆಯ ಮೇಲೆ ಕೂತೆ. ಅವ್ವ ಸೆರಗು ಸಿಕ್ಕಿಸಿ ನಳ ತಿರುವಿದಳು. ಮೊಣಕೈ ಅದ್ದಿ ನೋಡಿ ತಂಬಿಗೆ ತುಂಬಿ ಬೆನ್ನ ಮೇಲೆ ಹೊಯ್ದಳು. ಹಿತವಾಗಿತ್ತು. ಬಾಣಂತಿಗೆ ನೀರು ಸಂದು ಬಿಡದೆ ಬೀಳಬೇಕು, ಈ ಸಣ್ಣ ಧಾರೆಗೆ ತಂಬಿಗೆ ತುಂಬುವುದರೊಳಗೆ ಮೈ ತಣ್ಣಗಾಗುತ್ತದೆ ಎಂದು ಗೊಣಗಿ, ಕೂಸನ್ನು ಹಿಡಿಯುವ ಹಾಗೆ ನನ್ನ ಕತ್ತು ಬಗ್ಗಿಸಿ ಬೆನ್ನನ್ನು ನೇರ ನಳದ ಕೆಳಗೆ ಹಿಡಿದಳು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಹಾಮಾಯಾ ಅಕ್ಕಿ ತೊಳೆಯಲೆಂದು ನಳ ಬಿಟ್ಟಳು. ಇಲ್ಲಿ ಧಾರೆ ಸಣ್ಣಗಾಯಿತು, ಸಣ್ಣಗಾದ ನೀರು ಒಮ್ಮೆಲೇ ಕುದಿಯುವಷ್ಟು ಬಿಸಿಯಾಯಿತು. ನಾನು ಚೀರಿ ಮಣೆಯಿಂದ ಹಾರಿದೆ.

ಅವ್ವ ನಗಲಿಲ್ಲ. ಕೆಂಪಾದ ನನ್ನ ಭುಜದ ಮೇಲೆ ತಣ್ಣೀರು ಹಾಕುತ್ತ ಹೇಳಿದಳು, "ಇದು ಕೂಸಿನ ಬೆನ್ನ ಆಗಿತ್ತಂದ್ರ?"

ಪರೀಕ್ಷೆ ಮಾಡುವಾಗ ಮನೆಯ ನಳವೆಲ್ಲ ಮುಚ್ಚಿಸಿದ್ದೆ. ಬಾಣಂತಿಯಿದ್ದ ಮನೆಯಲ್ಲಿ ಯಾವ ನಳ ಮುಚ್ಚಿರುತ್ತದೆ? ಇಷ್ಟು ಸಣ್ಣ ಸಂಗತಿ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆಗಲೇ ಇನ್ನೊಂದನ್ನೂ ನೋಡಿದೆ. ತುಂಬಿದ ತಂಬಿಗೆಯನ್ನು ನನ್ನ ತಲೆಯ ಎತ್ತರಕ್ಕೆ ಎತ್ತುವಾಗ ಅವ್ವನ ಕೈ ನಡುಗಿ ಅರ್ಧ ನೀರು ನೆಲಕ್ಕೆ ಚೆಲ್ಲಿತು. ಅವಳು ನನ್ನ ಮುಖ ನೋಡಿದಳು.

"ನೋಡಿದಿ ಅಲ್ಲ? ಹಲಬರ್ಗಾಕ್ಕ ಹೇಳಬ್ಯಾಡ. ಕೂಸಿನ ಹಿಡಿಲಾಕ ಈ ಕೈ ನಡಗಂಗಿಲ್ಲ, ಎತ್ತಲಾಕ ಅಷ್ಟೇ ನಡಗ್ತಾವ."

ಕಣ್ಣು ತುಂಬಿ ಬಂತು. ಮೈಯೆಲ್ಲ ಒದ್ದೆಯಾಗಿದ್ದರಿಂದ ಅದು ಅವಳಿಗೆ ಗೊತ್ತಾಗಲಿಲ್ಲ.

ಸಂಜೆಗೇ ಇನ್‌ಸ್ಟಂಟ್ ವಾಪಸ್ ಹೋಯಿತು, ಟಾಕಿಯದು ಬಂತು. ಅಡುಗೆಮನೆಯಲ್ಲಿ ಯಾರು ಏನು ತೊಳೆದರೂ ಟಾಕಿಯಲ್ಲಿ ಕಾದು ಕೂತ ನೀರಿನ ಬಿಸಿ ಬದಲಾಗುವುದಿಲ್ಲ. ನಳವನ್ನು ಎಲ್ಲರ ಮನೆಯ ಹಾಗೆ ಸೊಂಟದೆತ್ತರಕ್ಕೆ ಕೂಡಿಸಲು ರಿಜ್ವಾನ ಹೊರಟಾಗ ನಾನು ತಡೆದೆ. ಈ ಸಲದ ಅಳತೆಗೆ ಥರ್ಮಾಮೀಟರ್ ಬೇಕಾಗಲಿಲ್ಲ. ಕೂಸಿಗೆ ಎರೆಯುವಾಗ ಕೂಡುವ ಹಾಗೆ ಬಚ್ಚಲಲ್ಲಿ ಕಾಲು ಚಾಚಿ ಕೂಡೆಂದು ಅವ್ವನಿಗೆ ಹೇಳಿದೆ. ಅವಳು ಕೂತಳು. ಎತ್ತದೆ ಕೈ ಎಲ್ಲಿಗೆ ತಲುಪುತ್ತದೋ ಅಲ್ಲಿ, ಅಂಗಳದ ಹಂಡೆಯ ಒಲೆಯಿಂದ ತಂದ ಇದ್ದಲಿನಿಂದ ಗೋಡೆಗೆ ಗೆರೆ ಎಳೆದೆ. ನೆಲದಿಂದ ಒಂದು ಮೊಳವೂ ಇರಲಿಲ್ಲ. ಬಿಸಿಯದು, ತಣ್ಣನೆಯದು, ಎರಡೂ ನಳ ಆ ಗೆರೆಯ ಮೇಲೇ ಕೂತವು. ಕೆಳಗೆ ಅಗಲವಾದ ಬೋಗುಣಿ, ಕೈಗೆ ಹಗುರಾದ ಸಣ್ಣ ಮಗ್ಗು. ಬಾಣಂತಿ ನೆಲದ ಮೇಲೆ ಅವಳ ಪಕ್ಕದಲ್ಲೇ ಕೂತರಾಯಿತು, ಭುಜದ ಮೇಲಕ್ಕೆ ಏನನ್ನೂ ಎತ್ತುವ ಗೊಡವೆಯಿಲ್ಲ. ಹಲಬರ್ಗಾಕ್ಕೆ ಫೋನ್ ಮಾಡಿ ಎಲ್ಲ ಅಳತೆ ಹೇಳಿದೆ, ನಡುಕದ ಮಾತೊಂದು ಬಿಟ್ಟು. ಸುಭದ್ರಾಬಾಯಿ ಆಡಿದ ಮಾತಿಗೆ ತಪ್ಪಲಿಲ್ಲ, ಪ್ರಣಿತಾಳನ್ನು ಕಳಿಸಿಕೊಟ್ಟರು.

ಪುಷ್ಯದ ಕೊರೆಯುವ ಚಳಿಯಲ್ಲಿ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೊದಲ ನೀರಿನ ದಿನ ಸುಭದ್ರಾಬಾಯಿ ಬೆಳಗಿನ ಬಸ್ಸಿಗೇ ಬಂದು ಜೈಭೀಮ್ ಹೇಳಿ ನೇರ ಬಚ್ಚಲಿನ ಬಾಗಿಲಿಗೆ ಹೋಗಿ ನಿಂತರು. ನಾನು ಹೊರಗೆ ಶಾಲೆಯ ಚೀಲ ಹಿಡಿದು, ಬಸ್ಸಿನ ಹೊತ್ತು ಮೀರಿದರೂ, ಅಲ್ಲೇ ಸುಳಿದಾಡುತ್ತಿದ್ದೆ. ಒಳಗೆ ಪ್ರಣಿತಾ ಉಸ್ ಎಂದು ಸುಖದಿಂದ ನರಳುವುದು ಕೇಳಿಸಿತು. ಆಮೇಲೆ ಕೂಸಿನ ಅಳು, ನೀರಿನ ಸದ್ದು, ಅವ್ವ ಏನೋ ಗುನುಗುವುದು. ಅಳು ತಾನಾಗಿ ನಿಂತಿತು. ಸುಭದ್ರಾಬಾಯಿ ಟವೆಲ್ ಚಾಚಿ ಕೂಸನ್ನು ಇಸಿದುಕೊಂಡು ಹೊರಗೆ ಬಂದರು. ಹೊದ್ದುಕೊಂಡ ಪ್ರಣಿತಾ ಹಿಂದೆಯೇ ಬಂದು ಒಳಕೋಣೆಗೆ ಹೋದಳು.

"ನಡಗಲಿಲ್ರಿ ಬೀಗರ," ಅಂದರು ಮೆಲ್ಲಗೆ. "ನಾನು ಕಣ್ಣ ಕೀಳದೇ ನೋಡೀನಿ."

ನಾನು ಸಮಾಧಾನದಿಂದ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದೆ. ಬಚ್ಚಲಿನಿಂದ ಅವ್ವನ ದನಿ ಬಂತು.

"ಸುಶೀಲ್ಯಾ, ಟಾಕ್ಯಾಗ ಬಿಸಿನೀರು ಉಳದಾವ. ಬಾ, ಕೂಡು."

ಬೀಗತಿಯ ಎದುರು ಅವಳು ನನ್ನನ್ನು ಸುಶೀಲ್ಯಾ ಎಂದಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ನಾನು ಚೀಲ ಗೂಟಕ್ಕೆ ಹಾಕಿದೆ, ಅಂಗಿ ಬಿಚ್ಚಿದೆ, ಹೋಗಿ ಅವಳ ಕಾಲ ಹತ್ತಿರ ನೆಲದ ಮೇಲೆ ಕೂತೆ.