ನನ್ನ ಮೈಮೇಲಿನ ಒಡಪು

ಒಂದು ನಿಶ್ಚಲ ಚಿತ್ರ. ಹಿಂದೆ, ಹಲಗೆಯ ಮೇಲೆ ಬಳಿದ ತಾಜಮಹಲು. ಮುಂದೆ ಒಂದು ಬೆತ್ತದ ಕುರ್ಚಿ. ಪೂರ್ತಿ ಕೂತರೆ ಕುರ್ಚಿ ಬೇಸರಪಟ್ಟೀತೆಂಬಂತೆ ಅದರ ಅಂಚಿನಲ್ಲಷ್ಟೇ ಕೂತಿರುವ ಹೆಂಗಸು. ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಸೀರೆಯ ಮೇಲೆ ಗಂಡಸರ ಉಣ್ಣೆಯ ಕೋಟು. ಬಳೆ ಸದ್ದು ಮಾಡದಿರಲೆಂದು ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಡಿದಿದೆ. ತುಟಿ ಬಿಗಿದಿದೆ. ಕಣ್ಣು ಮಾತ್ರ ದೀಪಗಳಾಚೆಯ ನೆರಳಿನಲ್ಲಿ ಯಾರನ್ನೋ ಅರಸುತ್ತಿದೆ.

ಇಷ್ಟನ್ನು ಜನ ನೋಡಿದರು, ನಕ್ಕರು. ಇದರ ಮುಂದಿನದು ನನ್ನೊಬ್ಬನ ಮೇಲಿತ್ತು.

ನಾನು ಒಂದು ವಿಡಿಯೊ ಟೇಪು. ಮೂರು ಬೆರಳಗಲದ ಉದ್ದನೆಯ ಪಟ್ಟಿ. ಮೈತುಂಬ ಕಬ್ಬಿಣದ ತುಕ್ಕಿನ ನುಣ್ಣನೆಯ ಪುಡಿ. ತುಕ್ಕಿಗೂ ನೆನಪಿನ ಶಕ್ತಿಯಿದೆಯೆಂದು ಕಂಡುಹಿಡಿದ ಮನುಷ್ಯನನ್ನು ನಾನು ಮೆಚ್ಚುತ್ತೇನೆ. ಆ ನೆನಪನ್ನು ಬೇಕೆಂದಾಗ ಒರೆಸಬಹುದೆಂದು ಕಂಡುಕೊಂಡವನನ್ನು ಕ್ಷಮಿಸಲಾರೆ.

ಕಾರ್ಖಾನೆಯಿಂದ ನನ್ನನ್ನು ಇಂಗ್ಲೆಂಡಿನ ಉತ್ತರ ಭಾಗದ ಒಂದು ಉಣ್ಣೆ ಗಿರಣಿಗಳ ಊರಿಗೆ, ನಾರ್ತ್‌ಡೇಲ್ ಟೆಲಿವಿಷನ್ನಿಗೆ ಕಳಿಸಿದರು. ಗಿರಣಿಗಳಲ್ಲಿ ದುಡಿಯಲು ನಮ್ಮ ದೇಶಗಳ ಜನ ಆಗಷ್ಟೇ ಬಂದು ನೆಲೆಸುತ್ತಿದ್ದ ಕಾಲ. ಭಾನುವಾರ ಬೆಳಿಗ್ಗೆ, ಬಿಳಿಯರ ಮನೆಗಳು ಇನ್ನೂ ಮುಸುಕೆಳೆದು ಮಲಗಿರುವಾಗ, ಈ ವಲಸೆ ಬಂದವರಿಗಾಗಿ ಅರ್ಧ ಗಂಟೆಯ ಕಾರ್ಯಕ್ರಮ: ಹಿಂದಿಯಲ್ಲಿ ಸಮಾಚಾರ, ಒಂದು ಹಾಡು, ಕೊನೆಗೆ ಗೃಹಿಣಿಯರಿಗೆ ಇಂಗ್ಲಿಷ್ ಪಾಠ. ಅದನ್ನು ನಡೆಸುತ್ತಿದ್ದವರು ಲಖನೌದ ನಿಗಮ್ ಸಾಹೇಬರು. ಅವರ ಇಂಗ್ಲಿಷು ಇಸ್ತ್ರಿ ಮಾಡಿದ ಅಂಗಿಯಂತಿತ್ತು. ಎಲ್ಲಿಯೂ ಒಂದು ಸುಕ್ಕಿಲ್ಲ.

ಒಂದು ವಾರ ಪಾಠಕ್ಕೆ ಬಂದವಳು ನಿಂಬೆವ್ವ. ಗುಳೇದಗುಡ್ಡದ ನೇಕಾರರ ಮನೆಯವಳು. ಗಂಡ ಬನಪ್ಪ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಅಂದು ಅವನೂ ಜೊತೆಗೆ ಬಂದು ಕ್ಯಾಮೆರಾದ ಹಿಂದೆ ನಿಂತಿದ್ದ. ತನ್ನ ಹೆಸರನ್ನು, ಊರನ್ನು ನಿಂಬೆವ್ವ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು. ಆಮೇಲೆ ನಿಗಮರು ಕೇಳಿದರು: "ನಿಮ್ಮ ಗಂಡನ ಹೆಸರೇನು?"

ಅವಳು ಮಾತಾಡಲಿಲ್ಲ. ನಿಗಮರು ದನಿಯೇರಿಸಿ ಮತ್ತೆ ಕೇಳಿದರು. ಕಿವುಡರಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ ಹಿಂದಿಯಲ್ಲಿ ಕೇಳಿದರು. ದೀಪ ಹಿಡಿದವರು ಮುಸಿಮುಸಿ ನಕ್ಕರು.

ನೆರಳಿನಿಂದ ಬನಪ್ಪನ ದನಿ ಬಂತು: "ಒಡಪ ಹಾಕಿ ಹೇಳ ನಿಂಬಿ. ನಾಚಿದ್ರ ಈ ಮಂದಿ ಮನೀಗೆ ಬಿಡೂದಿಲ್ಲ."

ಅವರ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರನ್ನು ಬರಿದಾಗಿ ಉಚ್ಚರಿಸಳು. ಪ್ರಾಸದ ಎರಡು ಸಾಲು ಕಟ್ಟಿ, ಹೂವಿನೊಳಗೆ ದಾರವಿಟ್ಟಂತೆ ಅದರೊಳಗೆ ಹೆಸರಿಟ್ಟು ಹೇಳುತ್ತಾಳೆ. ಅದೇ ಒಡಪು. ನಿಂಬೆವ್ವ ಮಣಿಕಟ್ಟು ಬಿಟ್ಟಳು. ಬಳೆಗಳು ಸದ್ದು ಮಾಡಿದವು.

"ಮಂಜಿನ ಊರಾಗ ಮಗ್ಗ ಗಡಗಡ ಅಂತೈತಿ,
ಬನಪ್ಪನವರ ಹೆಸರ ಹೇಳಿದ್ರ ಮೈ ಬೆಚ್ಚಗಾಗತೈತಿ."

ಬನಪ್ಪ ಗಹಗಹಿಸಿ ನಕ್ಕ. ನನ್ನ ತುಕ್ಕಿನ ಕಣಕಣವೂ ಆ ನಗೆಯ ಕಡೆಗೆ ಹೊರಳಿತು. "ಸೊಗಸಾಗಿದೆ," ಎಂದರು ನಿಗಮರು, "ಆದರೆ ಇದು ಹಿಂದಿಯೂ ಅಲ್ಲ, ಇಂಗ್ಲಿಷೂ ಅಲ್ಲ."

ಭಾನುವಾರಕ್ಕೆಂದು ನನ್ನಿಂದ ಇನ್ನೊಂದು ಟೇಪಿಗೆ ಅವರು ಇಳಿಸಿಕೊಂಡದ್ದು ಆ ಮೌನವನ್ನು ಮಾತ್ರ. ಒಡಪು ಬೇಡವಾಯಿತು. ಮೌನದ ಕೊನೆಗೆ ಒಂದು ತಮಾಷೆಯ ವಾದ್ಯದ ದನಿಯನ್ನೂ ಜೋಡಿಸಿದರು. ಸೋಮವಾರ ಗಿರಣಿಯ ಕ್ಯಾಂಟೀನಿನಲ್ಲಿ ಜೊತೆಯ ಕೆಲಸಗಾರರು ಬನಪ್ಪನನ್ನು ಕೇಳಿದರಂತೆ: "ಮನೆಗೆ ಹೋದರೆ ನೀನು ಯಾರೆಂದು ಕೇಳಿಯೇ ಬಾಗಿಲು ತೆಗೆಯುತ್ತಾಳೋ?" ದಿನಸಿ ಅಂಗಡಿಯಲ್ಲಿ ನಮ್ಮವರೇ ನಿಂಬೆವ್ವನನ್ನು, "ಹೆಸರು ನೆನಪಾಯಿತೇನಮ್ಮ?" ಎಂದರಂತೆ. ಅವಳು ಅಂಗಡಿಗೆ ಹೋಗುವುದನ್ನೇ ಬಿಟ್ಟಳು.

ಆ ಬೆಳಿಗ್ಗೆ ಟೀವಿ ಪೆಟ್ಟಿಗೆಯ ಮುಂದೆ ಕೂತಿದ್ದ ಎಷ್ಟು ಮನೆಗಳ ಹೆಂಗಸರ ಬಾಯಲ್ಲಿ ಅದೇ ಮೌನವಿರಲಿಲ್ಲ? ನಿಮಗಾಗಿಯೇ ಈ ಕಾರ್ಯಕ್ರಮ ಎಂದು ಕರೆದು, ಕುರ್ಚಿ ಹಾಕಿ, ಕೂತವಳನ್ನು ಪೆದ್ದಿಯಾಗಿಸಿ ಕಳಿಸುವುದು ಯಾವ ಸೀಮೆಯ ಅತಿಥಿ ಸತ್ಕಾರ?

ಆಮೇಲೆ ನನ್ನ ಮೇಲೆ ಏನೇನೋ ಬಂದವು: ನಾಯಿಗಳ ಓಟ, ಕೇಕಿನ ಪಾಕ, ಯಾರದೋ ಚುನಾವಣೆ. ಈಗ ಗೋದಾಮಿನ ಮೂಲೆಯಲ್ಲಿದ್ದೇನೆ, ಪುಡಿ ಉದುರುತ್ತಿದೆ. ಯಾವ ಯಂತ್ರಕ್ಕೂ ಆ ಒಡಪು ನನ್ನಲ್ಲಿ ಸಿಗದು. ನಾನು ಮರೆತಿಲ್ಲ. ಕಾಲ ಎಲ್ಲವನ್ನೂ ಅಳಿಸುತ್ತದೆ ಎಂದು ನಿಟ್ಟುಸಿರಿಡುವವರನ್ನು ನಾನು ನಂಬುವುದಿಲ್ಲ. ಕಾಲಕ್ಕೆ ಕೈಯಿಲ್ಲ. ಗುಂಡಿ ಒತ್ತಿದ್ದು ಒಂದು ಬೆರಳು.

ನಾಯಿಗಳ ಓಟ ತುಂಬಿದ ಹೊಸತರಲ್ಲಿ, ಗಂಡಹೆಂಡತಿ ನಾರ್ತ್‌ಡೇಲ್ ಕಚೇರಿಗೆ ಮತ್ತೆ ಬಂದ ದಿನ ನಾನು ನಿಗಮರ ಮೇಜಿನ ಮೇಲೆಯೇ ಇದ್ದೆ. ಉಳಿದದ್ದನ್ನೂ ತೋರಿಸಿ ಎಂದು ಕೇಳಲು ಬಂದಿದ್ದರು. ನಿಗಮರು ಬನಪ್ಪನಿಗೆ ಹಿಂದಿಯಲ್ಲಿ ಏನೋ ವಿವರಿಸಿದರು.

"ಏನಂತಾರ್ರೀ ಇವ್ರು?" ಎಂದಳು ನಿಂಬೆವ್ವ.

"ಅಳಿಸ್ಯಾರಂತ."

"ಅಳಿಸೂದಂದ್ರ? ನಾ ಅಂದದ್ದು ಅಂದಂಗ ಇರೂದಿಲ್ಲೇನು?"

"ಅದರ ಮ್ಯಾಲ ನಾಯಿ ಓಡಿಸ್ಯಾರ."

"ಟೇಪು ದುಬಾರಿ," ಎಂದರು ನಿಗಮರು. "ಮತ್ತೆ ಮತ್ತೆ ಬಳಸುವುದು ಇಲ್ಲಿಯ ರೂಢಿ." ಆಮೇಲೆ ದನಿ ತಗ್ಗಿಸಿ ಹೇಳಿದರು: "ನಮ್ಮ ತಾಯಿಯೂ ತಂದೆಯ ಹೆಸರನ್ನು ಎಂದೂ ಹೇಳಿದವಳಲ್ಲ."

ಬನಪ್ಪ ಅದನ್ನು ಕನ್ನಡದಲ್ಲಿ ಹೇಳಿದ. ನಿಂಬೆವ್ವ ನಿಗಮರನ್ನು ಮೊದಲ ಸಲ ನೇರವಾಗಿ ನೋಡಿದಳು.

"ಹಂಗಾರ ಗೊತ್ತಿತ್ತು ಇವ್ರಿಗೆ. ಬರೂ ಐತವಾರ ಅದ ಕುರ್ಚಿ ಮ್ಯಾಲ ತಾವ ಕುಂತು ತಾಯಿದು ಈ ಮಾತ ಹೇಳ್ರಿ ಅನ್ರಿ. ಒಡಪ ನಾ ಮತ್ತ ಕಟ್ಟತೀನಿ."

ಬನಪ್ಪ ಹೇಳಿದ. ನಿಗಮರು ಮೇಜಿನ ಮೇಲಿನ ಪೆನ್ನನ್ನು ನೇರವಾಗಿಟ್ಟರು. "ಬರುವ ಭಾನುವಾರ ಸಮಯವಿಲ್ಲ."

ಆ ಮಾತಿಗೆ ಅವಳಿಗೆ ಗಂಡನ ಕನ್ನಡ ಬೇಕಾಗಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

"ನಡೀರಿ. ಇವ್ರ ತಾಯಿ ಆ ಐತವಾರದ್ದನ್ನ ನೋಡಿಲ್ಲಂತ ತಿಳಕೊಳ್ಳೂಣು."

ಅದರ ಅರ್ಥವೇನೆಂದು ನಿಗಮರು ಬನಪ್ಪನನ್ನು ಕೇಳಿದರು. ಬನಪ್ಪ ಹೊಸ್ತಿಲು ದಾಟಿ, ಅವಳಿಗಾಗಿ ಬಾಗಿಲು ಹಿಡಿದು ನಿಂತ. ಅವಳು ಹೊರಗೆ ನಡೆದಳು. ಅವನು ಕೈಬಿಟ್ಟ. ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು.